ಗಾಳಿ ಮೇಲೆ, ತಡೆ ತಳದಲ್ಲಿ

ಅಂಟಾರ್ಕ್ಟಿಕಾವನ್ನು ಸುತ್ತುವ ಸಾಗರಪ್ರವಾಹಕ್ಕೆ ದಾರಿಯಲ್ಲಿ ಅಡ್ಡ ನಿಲ್ಲುವ ಭೂಖಂಡವೇ ಇಲ್ಲ. ಪಡುವಣ ಗಾಳಿ ವರ್ಷವಿಡೀ ನೀರನ್ನು ಪೂರ್ವಕ್ಕೆ ತಳ್ಳುತ್ತದೆ. ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾ ನಡುವಿನ ಸುಮಾರು 800 ಕಿ.ಮೀ. ಅಗಲದ ಡ್ರೇಕ್ ಜಲಸಂಧಿಯಲ್ಲಿ ತೂರಿಕೊಂಡು ಅದು ಹೊರಟಲ್ಲಿಗೇ ಮರಳುತ್ತದೆ. ಬೇರೆ ಸಾಗರಗಳಲ್ಲಾದರೆ ನೀರು ಕರಾವಳಿಗೆ ತಾಗಿ ತಿರುಗಿಬಿಡುತ್ತದೆ. ಇಲ್ಲಿ ಅದರ ವೇಗ ಏರುತ್ತಲೇ ಹೋಗಬೇಕಿತ್ತಲ್ಲ?

1951ರಲ್ಲಿ ವಿಜ್ಞಾನಿಗಳಾದ ವಾಲ್ಟರ್ ಮಂಕ್ ಮತ್ತು ಎರಿಕ್ ಪಾಲ್ಮೆನ್ ಸಾಗರತಳದ ಬೆಟ್ಟಸಾಲುಗಳತ್ತ ಬೆರಳು ತೋರಿಸಿದರು. ಪ್ರವಾಹ ಬಂದು ತಾಗುವ ಮಗ್ಗುಲಲ್ಲಿ ಒತ್ತಡ ಹೆಚ್ಚು, ದಾಟಿದ ಮಗ್ಗುಲಲ್ಲಿ ಕಡಿಮೆ. ಆ ವ್ಯತ್ಯಾಸದಿಂದ ನೀರು ಬೆಟ್ಟವನ್ನು ನೂಕುತ್ತದೆ, ಬೆಟ್ಟ ಅಷ್ಟೇ ಬಲವಾಗಿ ನೀರನ್ನು ಹಿಂದಕ್ಕೆ ನೂಕುತ್ತದೆ. ನನಗಂತೂ ಇದು ಸಾಗರವಿಜ್ಞಾನದ ಅತಿ ಸೊಗಸಾದ ಉತ್ತರಗಳಲ್ಲೊಂದು. ಆದರೆ ಅರ್ಧ ಉತ್ತರ. ಗಾಳಿ ಬೀಸುವುದು ಮೇಲ್ಮೈಯಲ್ಲಿ, ಬೆಟ್ಟ ಇರುವುದು ಕಿಲೋಮೀಟರುಗಟ್ಟಲೆ ಕೆಳಗೆ. ನಡುವೆ ಬಲವನ್ನು ಇಳಿಸುವವರು ಯಾರು?

ಸುಳಿವು ಸಿಕ್ಕಿದ್ದು ಬೇರೆಲ್ಲೋ. 1959–60ರಲ್ಲಿ ಬರ್ಮುಡಾ ಬಳಿ ಏರೀಸ್ ನೌಕೆಯಿಂದ ಬ್ರಿಟನ್ನಿನ ಸಾಗರವಿಜ್ಞಾನಿ ಜಾನ್ ಸ್ವಾಲೋ ಆಳದಲ್ಲಿ ತೇಲುವ ಅಲ್ಯೂಮಿನಿಯಂ ಕೊಳವೆಗಳನ್ನು ಬಿಟ್ಟರು. ಆಳದ ನೀರು ನಿಧಾನವಾಗಿ ಒಂದೇ ದಿಕ್ಕಿಗೆ ಸಾಗುತ್ತದೆಂಬ ನಿರೀಕ್ಷೆಯಿತ್ತು. ಕೊಳವೆಗಳು ಅದರ ಸುಮಾರು ಹತ್ತು ಪಟ್ಟು ವೇಗದಲ್ಲಿ ದಿಕ್ಕುದಿಕ್ಕಿಗೆ ಓಡಿದವು. 1970ರಲ್ಲಿ ಸೋವಿಯತ್ ಹಡಗುಗಳು, 1973ರಲ್ಲಿ ಅಮೆರಿಕ–ಬ್ರಿಟನ್ ತಂಡ ಅಟ್ಲಾಂಟಿಕಿನಲ್ಲಿ ಅಳೆದು ನೋಡಿದಾಗ ಖಚಿತವಾಯಿತು: ಸಾಗರದ ಒಡಲ ತುಂಬ ನೂರು ಕಿ.ಮೀ. ಆಸುಪಾಸಿನ ಹರವಿನ ಸುಳಿಗಳು.

ಈ ಸುಳಿಗಳೇ ಆ ಕೊಂಡಿ. ಸುಳಿ ತಿರುಗುವಾಗ ಹಗುರ ಮತ್ತು ಭಾರದ ನೀರಿನ ಪದರಗಳ ನಡುವಿನ ಗಡಿ ಉಬ್ಬಿ ತಗ್ಗುತ್ತದೆ. ಆ ಏರಿಳಿತಗಳ ಮೇಲೆ ಒತ್ತಿ ಮೇಲಿನ ಪದರ ತನ್ನ ತಳ್ಳಾಟವನ್ನು ಕೆಳಗಿನದಕ್ಕೆ ಕೊಡುತ್ತದೆ, ಅದು ಇನ್ನೂ ಕೆಳಗಿನದಕ್ಕೆ, ಕೊನೆಗೆ ಬೆಟ್ಟಕ್ಕೆ. 1993ರಲ್ಲಿ ಡೇವಿಡ್ ಸ್ಟ್ರಾಬ್ ಇದರಿಂದ ಒಂದು ವಿಚಿತ್ರ ತೀರ್ಮಾನಕ್ಕೆ ಬಂದರು: ಗಾಳಿ ಜೋರಾದರೂ ಪ್ರವಾಹ ಅಷ್ಟಾಗಿ ಹಿಗ್ಗಬೇಕಿಲ್ಲ. ಹೆಚ್ಚಿದ ಶಕ್ತಿ ಸುಳಿಗಳ ಪಾಲಾಗುತ್ತದೆ. ಈಚಿನ ದಶಕಗಳಲ್ಲಿ ದಕ್ಷಿಣ ಸಾಗರದಲ್ಲಿ ಗಾಳಿ ಬಲಗೊಂಡಿದೆ, ಉಪಗ್ರಹಗಳು ಕಂಡದ್ದೂ ಸುಳಿಗಳ ಆರ್ಭಟವನ್ನೇ.

ಹವಾಮಾನ ಮಾದರಿಗಳ ಕಷ್ಟವೂ ಇಲ್ಲೇ. ಸಾಗರವನ್ನು 100 ಕಿ.ಮೀ. ಚೌಕಗಳಾಗಿ ಒಡೆದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ಸುಳಿ ಕಾಣುವುದಿಲ್ಲ. ಹಾಗಾಗಿ 1990ರಲ್ಲಿ ಪೀಟರ್ ಜೆಂಟ್ ಮತ್ತು ಜೇಮ್ಸ್ ಮ್ಯಾಕ್‌ವಿಲಿಯಮ್ಸ್ ಸುಳಿಗಳ ಪರಿಣಾಮವನ್ನು ಸೂತ್ರದಲ್ಲಿ ಹಿಡಿದರು. ಸಮತಟ್ಟು ತಳದ ಮೇಲೆ ಅದು ಸುಮಾರಾಗಿ ನಡೆಯುತ್ತದೆ, ಇಳಿಜಾರಿನಲ್ಲಿ ತಡವರಿಸುತ್ತದೆ. ತಿರುಗುವ ಭೂಮಿಯ ಮೇಲೆ ನೀರು ಸಮಾನ ಆಳದ ಗೆರೆಗಳ ಉದ್ದಕ್ಕೇ ಹರಿಯಲು ಬಯಸುತ್ತದೆ. ಕಡಿದಾದ ಇಳಿಜಾರನ್ನು ಅಡ್ಡ ದಾಟುವುದು ಸುಳಿಗಳಿಗೆ ಕಷ್ಟ. ಅಂಟಾರ್ಕ್ಟಿಕಾದ ಅಂಚಿನಲ್ಲಿ ಆಳದ ಬೆಚ್ಚನೆಯ ನೀರು ಹಿಮಚಾಚುಗಳ (ನೆಲದಿಂದ ಕಡಲ ಮೇಲೆ ಚಾಚಿ ತೇಲುವ ಹಿಮದ ಹಾಸುಗಳ) ಬುಡ ತಲುಪಬೇಕಾದರೆ ಇಂಥ ಇಳಿಜಾರನ್ನೇ ಹತ್ತಬೇಕು. ಅದನ್ನು ಹತ್ತಿಸುವವುಗಳಲ್ಲಿ ಕೆಲವೇ ಕಿ.ಮೀ. ಅಗಲದ ಸುಳಿಗಳೂ ಇವೆ.