ಕ್ಯಾಮೆರಾಗೆ ಕಾಣುವ ಕೈ, ಕಾಣದ ಕಾಲು

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಫೇರ್ ಓಕ್ಸ್ ಫಾರ್ಮ್ಸ್ ಎಂಬ ಭಾರೀ ಡೈರಿ ಫಾರಂ ಇದೆ. ಅದು ಹಾಲು ಕರೆಯುವ ಜಾಗ ಮಾತ್ರವಲ್ಲ, ಪ್ರವಾಸಿ ತಾಣವೂ ಹೌದು. ಬಸ್ಸಿನಲ್ಲಿ ಕೂತು ಕೊಟ್ಟಿಗೆಗಳ ನಡುವೆ ಸುತ್ತಿ ಬರಬಹುದು. ಗಾಜಿನಾಚೆ ಹಸು ಕರು ಹಾಕುವುದನ್ನು ಕಣ್ಣಾರೆ ನೋಡಬಹುದು. ಫಾರಂ ಎಂದರೆ ಮುಚ್ಚಿದ ಬಾಗಿಲು ಎಂಬ ದೂರಿಗೆ ಉದ್ಯಮ ಕೊಟ್ಟಿದ್ದ ಉತ್ತರವೇ ಆ ಗಾಜು. 2019ರ ಜೂನ್‌ನಲ್ಲಿ ಅದೇ ಫಾರಂನ ಬೇರೊಂದು ದೃಶ್ಯ ಹೊರಬಿತ್ತು. ಕೆಲಸಗಾರನ ವೇಷದಲ್ಲಿ ಸೇರಿಕೊಂಡಿದ್ದ ಕಾರ್ಯಕರ್ತನೊಬ್ಬ ಗುಟ್ಟಾಗಿ ಚಿತ್ರಿಸಿಕೊಂಡದ್ದು ಅದು: ಎಳೆಗರುಗಳಿಗೆ ಬೀಳುವ ಒದೆ, ಹೊಡೆತ, ಎತ್ತಿ ಕುಕ್ಕುವ ಕೈಗಳು.

ಮುಂದಿನ ಕೆಲವೇ ದಿನಗಳಲ್ಲಿ ನಡೆದದ್ದನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಕೆಲವು ಅಂಗಡಿ ಸರಣಿಗಳು ಆ ಫಾರಂಗೆ ನಂಟಿದ್ದ ಫೇರ್‌ಲೈಫ್ ಹಾಲನ್ನು ಕಪಾಟಿನಿಂದ ತೆಗೆದವು. ಫಾರಂನ ಸ್ಥಾಪಕರು ಕ್ಯಾಮೆರಾ ಮುಂದೆ ಕೂತು ತಪ್ಪೊಪ್ಪಿಕೊಂಡರು. ವಿಡಿಯೊದಲ್ಲಿದ್ದ ಕೆಲಸಗಾರರನ್ನು ವಜಾ ಮಾಡಿದ್ದಾಯಿತು ಎಂದರು. ಕರುಗಳಿರುವ ಕಡೆಯೆಲ್ಲ ಕ್ಯಾಮೆರಾ ಹಾಕಿಸುತ್ತೇವೆ, ಹೊರಗಿನವರಿಂದ ತಪಾಸಣೆ ಮಾಡಿಸುತ್ತೇವೆ ಎಂದು ಮಾತು ಕೊಟ್ಟರು. ಗ್ರಾಹಕರು ಹೂಡಿದ ಮೊಕದ್ದಮೆ 2022ರಲ್ಲಿ 2.1 ಕೋಟಿ ಡಾಲರ್ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು.

ಕ್ಷಮೆ, ವಜಾ, ಕ್ಯಾಮೆರಾ, ತಪಾಸಣೆ. ಫಾರಂ ಯಾವುದೇ ಇರಲಿ, ವಿಡಿಯೊ ಹೊರಬಿದ್ದಾಗ ಕಂಪನಿಗಳು ಹೆಚ್ಚುಕಮ್ಮಿ ಇದೇ ಪಾಠ ಒಪ್ಪಿಸುತ್ತವೆ. ಇದನ್ನು ಬರೀ ನಾಟಕ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಇವುಗಳಲ್ಲಿ ಒಂದೆರಡು ನಿಜಕ್ಕೂ ಪ್ರಾಣಿಗಳ ಪಾಡನ್ನು ಬದಲಿಸಿವೆ. ಇನ್ನುಳಿದವು ತಿಪ್ಪೆ ಸಾರಿಸುವ ಕೆಲಸ. ಯಾವುದು ಯಾವುದೆಂದು ಬೇರ್ಪಡಿಸಲು ಪ್ರಾಣಿ ವರ್ತನೆಯ ವಿಜ್ಞಾನದ ಬಳಿ ಒಳ್ಳೆಯ ಒರೆಗಲ್ಲುಗಳಿವೆ.

ಮೊದಲು ಕಂಪನಿಗಳ ಭಯವನ್ನು ನೋಡೋಣ. ಅದು ಸುಳ್ಳು ಭಯವಲ್ಲ. 2008ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಚೀನೊ ಎಂಬಲ್ಲಿನ ಕಸಾಯಿಖಾನೆಯೊಂದರ ವಿಡಿಯೊ ಬಂತು. ಏಳಲಾರದೆ ಬಿದ್ದ ಹಸುಗಳನ್ನು ಫೋರ್ಕ್‌ಲಿಫ್ಟ್‌ನಿಂದ ತಳ್ಳಿ, ವಿದ್ಯುತ್ ಕೋಲಿನಿಂದ ಚುಚ್ಚಿ ಎಬ್ಬಿಸುತ್ತಿದ್ದರು. ಹಾಗೆ ಬಿದ್ದ ದನ ರೋಗಪೀಡಿತವೂ ಆಗಿರಬಹುದೆಂಬ ಕಾರಣಕ್ಕೆ 14.3 ಕೋಟಿ ಪೌಂಡ್, ಅಂದರೆ ಸುಮಾರು ಆರೂವರೆ ಕೋಟಿ ಕಿಲೊ ಮಾಂಸವನ್ನು ಮಾರುಕಟ್ಟೆಯಿಂದ ವಾಪಸ್ ತರಿಸಬೇಕಾಯಿತು. ಕಂಪನಿ ಬಾಗಿಲು ಹಾಕಿತು. ಇನ್ನೊಂದು ವಿಚಿತ್ರವನ್ನು 2011ರಲ್ಲಿ ಕೃಷಿ ಅರ್ಥಶಾಸ್ತ್ರಜ್ಞರಾದ ಟಾನ್ಸರ್ ಮತ್ತು ಓಲಿಂಕ್ ತೋರಿಸಿದರು. ಪ್ರಾಣಿಗಳ ಪಾಡಿನ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಹೆಚ್ಚಾದಾಗ ಹಂದಿ ಮತ್ತು ಕೋಳಿ ಮಾಂಸದ ಬೇಡಿಕೆ ತುಸು ಇಳಿಯುತ್ತದೆ. ಆದರೆ ಹಂದಿ ಬಿಟ್ಟವರು ದನದ ಮಾಂಸಕ್ಕೆ ಹೋಗುವುದಿಲ್ಲ, ಆ ದುಡ್ಡು ಮಾಂಸವಲ್ಲದ ಆಹಾರಕ್ಕೆ ಹೋಗುತ್ತದೆ. ಒಬ್ಬರ ಮನೆಗೆ ಬಿದ್ದ ಬೆಂಕಿ ಇಡೀ ಕೇರಿಯನ್ನು ಸುಡುತ್ತದೆ. ಎಂದೇ ಕೇರಿಯವರೆಲ್ಲ ಒಟ್ಟಾಗಿ ಶಾಸನಸಭೆಯ ಬಾಗಿಲು ತಟ್ಟಿದರು.

ತಟ್ಟಿ ಪಡೆದದ್ದು ಆಗ್-ಗ್ಯಾಗ್ ಎಂದು ಹೆಸರಾದ ಕಾನೂನುಗಳನ್ನು. ಫಾರಂ ಒಳಗೆ ಗುಟ್ಟಾಗಿ ಚಿತ್ರೀಕರಿಸುವುದು, ಸುಳ್ಳು ಹೇಳಿ ಕೆಲಸಕ್ಕೆ ಸೇರುವುದು ಇವನ್ನೆಲ್ಲ ಅಪರಾಧ ಮಾಡುವ ಕಾನೂನುಗಳು ಇವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಹೊಂದುವ ಉದಾಹರಣೆ ಸಿಗಲಿಕ್ಕಿಲ್ಲ. 2012ರಲ್ಲಿ ಐಡಹೊ ರಾಜ್ಯದ ಡೈರಿಯೊಂದರಲ್ಲಿ ಹಸುಗಳನ್ನು ಹೊಡೆಯುವ ವಿಡಿಯೊ ಬಂತು. 2014ರಲ್ಲಿ ಅಲ್ಲಿ ಕಾನೂನು ಬಂತು. ಚಿತ್ರ ತೆಗೆದವರಿಗೆ ಒಂದು ವರ್ಷದವರೆಗೆ ಜೈಲು. ಹಸುವನ್ನು ಹಿಂಸಿಸಿ ಮೊದಲ ಸಲ ಸಿಕ್ಕಿಬಿದ್ದವರಿಗೆ ಹೆಚ್ಚೆಂದರೆ ಆರು ತಿಂಗಳು! 2015ರಲ್ಲಿ ಫೆಡರಲ್ ನ್ಯಾಯಾಲಯ ಇದನ್ನು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹೊಡೆದುಹಾಕಿತು. 2018ರ ಮೇಲ್ಮನವಿಯಲ್ಲಿ ಕೆಲವು ಭಾಗ ಮಾತ್ರ ಉಳಿದುಕೊಂಡಿತು. ಯೂಟಾ ರಾಜ್ಯದ ಕಾನೂನೂ ನ್ಯಾಯಾಲಯದಲ್ಲಿ ಸೋತಿತು. ಅದಕ್ಕಿಂತ ದೊಡ್ಡ ಸೋಲು ಜನರ ಮನಸ್ಸಿನಲ್ಲಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕನ್ನರ ಒಂದು ಗುಂಪಿಗೆ ಈ ಕಾನೂನುಗಳ ವಿಷಯ ತಿಳಿಸಿದರು, ಇನ್ನೊಂದಕ್ಕೆ ತಿಳಿಸಲಿಲ್ಲ. ತಿಳಿದವರಲ್ಲಿ ರೈತರ ಮೇಲಿನ ನಂಬಿಕೆ ಕುಸಿದಿತ್ತು, ಪ್ರಾಣಿರಕ್ಷಣೆಯ ನಿಯಮಗಳು ಬಿಗಿಯಾಗಲಿ ಎನ್ನುವ ಮನಸ್ಸು ಬಲಿತಿತ್ತು. ಸ್ವತಃ ಏನನ್ನೂ ಮುಚ್ಚಿಡದ ರೈತನೂ ಈ ಅಪನಂಬಿಕೆಯ ಪಾಲುದಾರನಾದ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಇದೆ. ತನ್ನನ್ನು ಟೀಕಿಸಿ ಕರಪತ್ರ ಹಂಚಿದರೆಂದು ಲಂಡನ್ನಿನ ಇಬ್ಬರು ಸಾಮಾನ್ಯ ಕಾರ್ಯಕರ್ತರ ಮೇಲೆ ಮೆಕ್‌ಡೊನಾಲ್ಡ್ಸ್ ಮಾನನಷ್ಟ ಮೊಕದ್ದಮೆ ಹೂಡಿತ್ತು. 313 ದಿನ ವಿಚಾರಣೆ ನಡೆದು 1997ರಲ್ಲಿ ಬಂದ ತೀರ್ಪು ಬಹುತೇಕ ಕಂಪನಿಯ ಪರವಾಗಿಯೇ ಇತ್ತು. ಆದರೆ ಪ್ರಾಣಿಗಳ ಮೇಲಿನ ಕೆಲವು ಕ್ರೌರ್ಯಗಳಿಗೆ ಕಂಪನಿಯೂ ಹೊಣೆ ಎಂದು ನ್ಯಾಯಾಧೀಶರು ಬರೆದರು. ಗೆದ್ದೂ ಮಾನ ಕಳೆದುಕೊಂಡ ಮೊಕದ್ದಮೆ ಅದು. ಎರಡು ವರ್ಷಗಳ ನಂತರ ಅದೇ ಕಂಪನಿ ತನಗೆ ಮಾಂಸ ಒದಗಿಸುವ ಕಸಾಯಿಖಾನೆಗಳ ತಪಾಸಣೆಗೆ ಟೆಂಪಲ್ ಗ್ರಾಂಡಿನ್ ಎಂಬ ಪ್ರಾಣಿವಿಜ್ಞಾನಿಯ ನೆರವು ಕೇಳಿತು.

ಗ್ರಾಂಡಿನ್ ಮಾಡಿದ್ದು ಕೇಳಲು ತೀರಾ ಸರಳ: ಎಣಿಸಿದರು. "ಪ್ರಾಣಿಗಳನ್ನು ಸರಿಯಾಗಿ ನೋಡಿಕೊಳ್ಳಿ" ಎಂಬ ನಿಯಮದಲ್ಲಿ ಸರಿ ಎಂದರೇನು? ಒಬ್ಬೊಬ್ಬ ತಪಾಸಕನಿಗೆ ಒಂದೊಂದು. ಅದರ ಬದಲು ಸಾಲಿನಲ್ಲಿ ಬರುವ ನೂರು ದನಗಳನ್ನು ನೋಡಿ, ಲೆಕ್ಕ ಹಾಕಿ ಎಂದರು. ತಲೆಗೆ ಹೊಡೆಯುವ ಬೋಲ್ಟ್ ಗನ್ನಿನ ಮೊದಲ ಹೊಡೆತಕ್ಕೇ ಪ್ರಜ್ಞೆ ತಪ್ಪಿದವು 95ಕ್ಕೆ ಕಡಿಮೆ ಇರಕೂಡದು. ನೆಲ ಜಾರಿ ಬಿದ್ದದ್ದು ಒಂದಕ್ಕಿಂತ ಹೆಚ್ಚಿರಕೂಡದು. ಮತ್ತೆ, ಎಷ್ಟು ದನ ಅರಚಿದವು? ಮೂರಕ್ಕಿಂತ ಹೆಚ್ಚು ಅರಚಿದರೆ ನಪಾಸು. ದನ ಆ ಸಾಲಿನಲ್ಲಿ ಸುಮ್ಮನೆ ಅರಚುವುದಿಲ್ಲ. ವಿದ್ಯುತ್ ಕೋಲು ತಾಗಿದಾಗ, ಕಾಲು ಜಾರಿದಾಗ, ಕಟ್ಟು ಬಿಗಿಯಾದಾಗ, ಹೊಡೆತ ಗುರಿ ತಪ್ಪಿದಾಗ ಅರಚುತ್ತದೆ. ಹೀಗೆ ದನದ ಗಂಟಲೇ ಅಳತೆಗೋಲಾಯಿತು.

1996ರಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ಅವರು ನೋಡಿದ್ದ ಹತ್ತು ದನದ ಕಸಾಯಿಖಾನೆಗಳಲ್ಲಿ 95ರ ಗೆರೆ ದಾಟಿದ್ದವು ಮೂರು ಮಾತ್ರ. ನಪಾಸಾದರೆ ಮೆಕ್‌ಡೊನಾಲ್ಡ್ಸ್ ಖರೀದಿ ನಿಲ್ಲಿಸುತ್ತದೆ ಎಂದು ಗೊತ್ತಾದ ಮೇಲೆ, 1999ರಲ್ಲಿ ತಪಾಸಣೆಗೆ ಒಳಗಾದ 41ರಲ್ಲಿ ನೂರಕ್ಕೆ ತೊಂಬತ್ತರಷ್ಟು ಪಾಸಾದವು. ಕೋಟಿಗಟ್ಟಲೆ ಖರ್ಚೇನೂ ಆಗಲಿಲ್ಲ ಎಂಬುದು ಇದರಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಬೋಲ್ಟ್ ಗನ್ನನ್ನು ದಿನಾ ಬಿಚ್ಚಿ ಒರೆಸಿ ಇಟ್ಟರು. ಜಾರುವ ನೆಲಕ್ಕೆ ಹಿಡಿತ ಬರುವ ಹಾಗೆ ಸರಳಿನ ಜಾಲರಿ ಹಾಕಿದರು. ಕತ್ತಲ ಓಣಿಯ ಬಾಯಿಗೆ ಒಂದು ದೀಪ ಕಟ್ಟಿದರು. ಕತ್ತಲೊಳಕ್ಕೆ ಕಾಲಿಡಲು ದನ ಹಿಂಜರಿಯುತ್ತದೆ, ಹಿಂಜರಿದಾಗಲೇ ವಿದ್ಯುತ್ ಕೋಲು ಮೇಲೇಳುವುದು. ನೇತಾಡುವ ಸರಪಳಿ ಕಂಡರೂ ದನ ನಿಲ್ಲುತ್ತದೆ, ಅದನ್ನು ಎತ್ತಿ ಕಟ್ಟಿದರು. ಆಗ ಯಾರನ್ನೂ ವಜಾ ಮಾಡದೆಯೇ ಕೋಲಿನ ಕೆಲಸ ಕಡಿಮೆಯಾಯಿತು.

ಕಂಪನಿಗಳು ಗಾಬರಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಮಾಡಿದ್ದು ಯಾರು?" ಎಂದು. ಗ್ರಾಂಡಿನ್ ಕೇಳಿದ್ದು "ಇಲ್ಲಿ ದನ ಯಾಕೆ ನಿಂತಿತು?" ಎಂದು. ಮೊದಲ ಪ್ರಶ್ನೆಗೆ ಒಬ್ಬ ಹರಕೆಯ ಕುರಿ ಸಿಕ್ಕಿದರೆ ಸಾಕು. ಎರಡನೆಯದಕ್ಕೆ ಕಟ್ಟಡವನ್ನೇ ನೋಡಬೇಕು.

ಕಟ್ಟಡಕ್ಕೆ ಬಂದರೆ ಮೊಟ್ಟೆ ಕೋಳಿಯ ಪಂಜರ ನೋಡೋಣ. ಅಮೆರಿಕದ ಮೊಟ್ಟೆ ಉದ್ಯಮ ತಾನೇ ಮಾಡಿಕೊಂಡ ನಿಯಮದಲ್ಲಿ ಒಂದು ಕೋಳಿಗೆ ಕನಿಷ್ಠ 67 ಚದರ ಇಂಚು, ಅಂದರೆ ಸುಮಾರು 432 ಚದರ ಸೆಂಟಿಮೀಟರ್ ಜಾಗ. ಎ-4 ಹಾಳೆಯೇ 624 ಚದರ ಸೆಂಟಿಮೀಟರ್ ಇದೆ. 2000ದಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಮೊಟ್ಟೆಗಳಿಗೆ 72 ಚದರ ಇಂಚು, ಸುಮಾರು 465 ಚದರ ಸೆಂಟಿಮೀಟರ್ ಬೇಕೆಂದು ಹೇಳಿದಾಗ ಅದು ದೊಡ್ಡ ಸುದ್ದಿಯಾಯಿತು. ಆದರೆ ಆಕ್ಸ್‌ಫರ್ಡ್‌ನ ಪ್ರಾಣಿ ವರ್ತನೆಯ ವಿಜ್ಞಾನಿ ಮೇರಿಯನ್ ಡಾಕಿನ್ಸ್ ಹೇಂಟೆಗಳನ್ನು ಮೇಲಿನಿಂದ ಚಿತ್ರಿಸಿ ಅಳೆದದ್ದು 1989ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಸುಮ್ಮನೆ ನಿಂತ ಹೇಂಟೆಯ ಮೈಯೇ ಸುಮಾರು 475 ಚದರ ಸೆಂಟಿಮೀಟರ್ ಆವರಿಸುತ್ತದೆ. ನಿಂತಲ್ಲೇ ತಿರುಗಲು 1,200ಕ್ಕೂ ಹೆಚ್ಚು, ರೆಕ್ಕೆ ಬಡಿಯಲು 1,800ಕ್ಕೂ ಹೆಚ್ಚು ಬೇಕು. ಸುದ್ದಿಯಾದ ಆ ಸುಧಾರಣೆಯಲ್ಲಿ ಕೋಳಿ ನಿಲ್ಲುವಷ್ಟೂ ಜಾಗ ಇರಲಿಲ್ಲ.

ಹಾಗೆಂದು ಮನುಷ್ಯರ ಮರುಕವೂ ಎಲ್ಲ ಸಲ ಸರಿದಾರಿ ತೋರಿಸುವುದಿಲ್ಲ. 1965ರಲ್ಲಿ, ಫಾರಂ ಪ್ರಾಣಿಗಳ ಪಾಡನ್ನು ಪರಿಶೀಲಿಸಲು ಬ್ರಿಟನ್ ಸರ್ಕಾರ ನೇಮಿಸಿದ್ದ ಬ್ರಾಂಬೆಲ್ ಸಮಿತಿ ಪಂಜರದ ನೆಲಕ್ಕೆ ಸಣ್ಣ ಷಟ್ಕೋನ ಜಾಲರಿ ಬೇಡ, ಕಾಲಿಗೆ ಚುಚ್ಚುತ್ತದೆ, ದಪ್ಪ ತಂತಿಯದನ್ನೇ ಹಾಕಿ ಎಂದು ಶಿಫಾರಸು ಮಾಡಿತ್ತು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಸಂಶೋಧಕರು ಎರಡೂ ಬಗೆಯ ನೆಲ ಹಾಕಿ ಆಯ್ಕೆಯನ್ನು ಕೋಳಿಗಳಿಗೇ ಬಿಟ್ಟರು. ಅವು ಸಮಿತಿ ಬೇಡವೆಂದ ಸಣ್ಣ ಜಾಲರಿಯನ್ನೇ ಮೆಚ್ಚಿದವು! ಪ್ರಾಣಿಯನ್ನೇ ಕೇಳಿ ನೋಡುವ ಪ್ರಯೋಗಗಳಿಗೆ ಬಲ ಬಂದದ್ದು ಇಂಥ ಪಾಠಗಳಿಂದ. ಪಂಜರದಿಂದ ಬಿಟ್ಟ ಕೋಳಿಗಳಿಗೂ ಕಷ್ಟ ತಪ್ಪಿದ್ದಲ್ಲ. ಅಂತಸ್ತುಗಳಿರುವ ದೊಡ್ಡ ಶೆಡ್ಡುಗಳಲ್ಲಿ ಹಾರುವಾಗ ಬಿದ್ದು, ಡಿಕ್ಕಿ ಹೊಡೆದು ಎದೆಮೂಳೆ ಮುರಿದುಕೊಳ್ಳುತ್ತವೆ. ಆದರೂ ಮಣ್ಣು ಕೆದರಲು, ಧೂಳಿನಲ್ಲಿ ಹೊರಳಲು, ಮರೆಯಲ್ಲಿ ಮೊಟ್ಟೆಯಿಡಲು ಜಾಗವಿರುವ ಬದುಕು ಬರಿ ಪಂಜರಕ್ಕಿಂತ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪಂಜರಮುಕ್ತ ಮೊಟ್ಟೆಯ ಮಾತು ಕೊಟ್ಟವರಲ್ಲಿ ಕೆಲವರು ಉಳಿಸಿಕೊಂಡಿದ್ದಾರೆ. 2015ರಲ್ಲಿ ಹತ್ತು ವರ್ಷದ ಗಡುವು ಹಾಕಿಕೊಂಡ ಮೆಕ್‌ಡೊನಾಲ್ಡ್ಸ್ 2024ರ ಆರಂಭದಲ್ಲೇ ಅಮೆರಿಕದ ತನ್ನ ಗುರಿ ಮುಟ್ಟಿದೆ ಎಂದಿತು. ಹಂದಿಯ ವಿಷಯದಲ್ಲಿ ಮಾತು ಇಷ್ಟು ನೇರವಾಗಿಲ್ಲ. ಗಬ್ಬದ ಹಂದಿಯನ್ನು ಸುಮಾರು 60 ಸೆಂಟಿಮೀಟರ್ ಅಗಲ, ಎರಡು ಮೀಟರ್ ಉದ್ದದ ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸುತ್ತಾರೆ. ಅದು ಮಲಗಬಹುದು, ಏಳಬಹುದು, ತಿರುಗಲಾರದು. ಎದುರಿನ ಸರಳನ್ನು ಗಂಟೆಗಟ್ಟಲೆ ಕಡಿಯುತ್ತದೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿಯುತ್ತದೆ. ಹಂದಿ ಮಾಂಸದ ದೊಡ್ಡ ಕಂಪನಿಯಾದ ಸ್ಮಿತ್‌ಫೀಲ್ಡ್ ಹತ್ತು ವರ್ಷಗಳಲ್ಲಿ ಈ ಚೌಕಟ್ಟುಗಳನ್ನು ಬಿಡುತ್ತೇವೆ ಎಂದದ್ದು 2007ರಲ್ಲಿ. 2009ರಲ್ಲಿ ನಷ್ಟದ ಕಾರಣ ಹೇಳಿ ಗಡುವನ್ನು ಕೈಬಿಟ್ಟಿತು. 2010ರಲ್ಲಿ ಗುಟ್ಟಿನ ವಿಡಿಯೊ ಬಂತು, 2011ರಲ್ಲಿ ಗಡುವು ಮರಳಿತು. 2018ರ ಹೊತ್ತಿಗೆ ತನ್ನ ಸ್ವಂತ ಫಾರಂಗಳಲ್ಲಿ ಮುಗಿಸಿದ್ದೇವೆ ಎಂದು ಸಾರಿತು. ಆದರೆ ಗಬ್ಬ ನಿಂತಿರುವುದು ಖಾತ್ರಿಯಾಗುವವರೆಗೆ ಹಂದಿ ಒಂಟಿ ಚೌಕಟ್ಟಿನಲ್ಲೇ ಇರಬಹುದು, ಗುಂಪಿಗೆ ಸೇರುವುದು ಆಮೇಲೆ. ಹಂದಿಯ ಗಬ್ಬ ಮೂರು ತಿಂಗಳು, ಮೂರು ವಾರ, ಮೂರು ದಿನ. ಅದರಲ್ಲಿ ಕೆಲವು ವಾರ ಕಳೆದರೆ ಕಡಿಮೆಯೇನಲ್ಲ. ಪ್ರಕಟಣೆಯ ಒಂದೊಂದು ಪದವನ್ನೂ ಅಳೆದು ನೋಡಬೇಕಾದ್ದು ಇದಕ್ಕೇ.

ಇಷ್ಟೆಲ್ಲ ಆದರೂ ಯಾವ ಗುಟ್ಟಿನ ಕ್ಯಾಮೆರಾಗೂ ಸರಿಯಾಗಿ ಸಿಗದ ನೋವೊಂದಿದೆ. ಅದು ಮಾಂಸದ ಕೋಳಿಯ ಮೈಯೊಳಗೇ ಇದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಮತ್ತು 2005ರ ತಳಿಗಳನ್ನು ಒಂದೇ ಬಗೆಯ ಮೇವು ಹಾಕಿ ಸಾಕಿದರು. 56ನೇ ದಿನಕ್ಕೆ ಹಳೆಯದರ ತೂಕ ಸುಮಾರು 900 ಗ್ರಾಂ, ಹೊಸದರದ್ದು 4,200 ಗ್ರಾಂ. ಇಷ್ಟು ಬೇಗ ಬೆಳೆಯುವ ಮೈಯನ್ನು ಹೊರಲಾರದೆ ಕುಂಟುವ ಕೋಳಿಗಳಿವೆ. ಅವುಗಳಿಗೆ ನೋವಾಗುತ್ತದೆಯೇ, ಬರೀ ನಡಿಗೆ ಸೊಟ್ಟಗಾಗಿದೆಯೇ ಎಂಬ ವಾದ ಬಹಳ ದಿನ ನಡೆದಿತ್ತು. 2000ದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಬಣ್ಣದ ಮೇವು ಇಟ್ಟರು. ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವಿನ ಔಷಧ ಬೆರೆಸಿತ್ತು. ಕುಂಟುವ ಕೋಳಿಗಳು ಔಷಧ ಬೆರೆತ ಬಣ್ಣವನ್ನು ಗುರುತು ಹಿಡಿದು ಆರಿಸಿಕೊಂಡವು. ಕುಂಟು ಹೆಚ್ಚಿದ್ದಷ್ಟೂ ಆ ಮೇವನ್ನು ಹೆಚ್ಚು ತಿಂದವು.

ಅಂಥ ಶೆಡ್ಡಿನ ವಿಡಿಯೊ ತೆಗೆದರೆ ಏನು ಕಾಣುತ್ತದೆ? ಬೆಳಕು ಮಂದ. ಹೊಟ್ಟಿನ ಮೇಲೆ ಸಾವಿರಾರು ಬಿಳಿ ಕೋಳಿಗಳು ಸುಮ್ಮನೆ ಕೂತಿವೆ. ಯಾರೂ ಯಾರನ್ನೂ ಹೊಡೆಯುತ್ತಿಲ್ಲ. ವಜಾ ಮಾಡೋಣವೆಂದರೆ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ.