ತಪ್ಪು ಐಎಸ್‌ಒದ್ದಲ್ಲ, ಕಿಂಡಿಯದ್ದು

ರಿಸೆಪ್ಷನ್ ಆಲ್ಬಮ್‌ನಲ್ಲಿ ಮದುಮಗಳ ಕೆನ್ನೆ ಮೇಲೆ ಗ್ರೇನ್ಸ್ (ಮರಳಿನಂಥ ಚುಕ್ಕೆಗಳು) ಕಂಡರೆ ಸಾಕು, ‘ಐಎಸ್‌ಒ ಏರಿಸಿದ್ದಾನೆ, ಅದಕ್ಕೇ ಹಾಳಾಗಿದೆ’ ಎಂಬ ತೀರ್ಪು ಸಿದ್ಧ. ಐಎಸ್‌ಒ ಎಂದರೆ ಮಂದ ಬೆಳಕಿನಲ್ಲೂ ಫೋಟೊ ಬೆಳ್ಳಗೆ ಬರಲೆಂದು ಏರಿಸುವ ಕ್ಯಾಮೆರಾ ಸೆಟ್ಟಿಂಗ್. ದಾವಣಗೆರೆಯಿರಲಿ, ಚಿತ್ರದುರ್ಗವಿರಲಿ, ಸ್ಟುಡಿಯೊಗೆ ಹೊಸದಾಗಿ ಸೇರಿದ ಹುಡುಗನಿಗೂ ಇದೇ ಉಪದೇಶ: 800 ದಾಟಬೇಡ. ಅವನು ದಾಟುವುದಿಲ್ಲ. ಬದಲಿಗೆ ಶಟರ್ ವೇಗವನ್ನು 1/30 ಸೆಕೆಂಡ್‌ಗೆ ಇಳಿಸುತ್ತಾನೆ. ಮುಖಗಳು ಅಲುಗಾಡಿ, ಅಕ್ಷತೆ ಹಾಕುವ ಕೈಗಳೆಲ್ಲ ಕಲಸಿಹೋಗುತ್ತವೆ. ಗ್ರೇನ್ಸ್ ಇದ್ದರೂ ಮುಖ ಗುರುತು ಸಿಗುವ ಫೋಟೊ ಯಾರಿಗೂ ಬೇಡವಾಗುವುದಿಲ್ಲ. ಅಲುಗಿದ ಫೋಟೊ ಯಾರಿಗೂ ಬೇಕಾಗುವುದಿಲ್ಲ.

ಐಎಸ್‌ಒ ಬಗೆಗಿನ ಈ ಭಯ ನಮ್ಮ ಫೋಟೊಗ್ರಫಿಯ ದೊಡ್ಡ ಮೂಢನಂಬಿಕೆ. ಗ್ರೇನ್ಸ್ ಹುಟ್ಟುವುದು ಐಎಸ್‌ಒ ಬಟನ್‌ನಲ್ಲಲ್ಲ, ಬೆಳಕಿನಲ್ಲೇ.

ಬೆಳಕು ಬೀಳುವುದು ಫೋಟಾನ್ ಎಂಬ ಬಿಡಿ ಬಿಡಿ ಕಣಗಳಾಗಿ, ಅದೂ ಎಲ್ಲಿ ಬೇಕೆಂದರಲ್ಲಿ. ಟೈಲ್ಸ್ ನೆಲದ ಮೇಲೆ ಮಂಡಕ್ಕಿ ಎರಚಿ ನೋಡಿ, ದಾವಣಗೆರೆಯಲ್ಲಿ ಅದಕ್ಕೇನೂ ಬರವಿಲ್ಲ. ಒಂದೊಂದು ಟೈಲ್‌ಗೆ ಸರಾಸರಿ 9 ಕಾಳು ಬೀಳುವಷ್ಟು ಎರಚಿದರೆ ಒಂದರಲ್ಲಿ 6 ಇರುತ್ತದೆ, ಪಕ್ಕದ್ದರಲ್ಲಿ 12. ನೆಲ ತೇಪೆ ತೇಪೆಯಾಗಿ ಕಾಣುತ್ತದೆ. ಸರಾಸರಿ 900 ಬೀಳುವಷ್ಟು ಸುರಿದರೆ 870, 930 ಹೀಗೆ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ಕಣ್ಣಿಗೆ ನೆಲವೆಲ್ಲ ಒಂದೇ ಬಿಳುಪು. ಸರಾಸರಿಯ ವರ್ಗಮೂಲ ಎಷ್ಟೋ ಏರಿಳಿತ ಅಷ್ಟು: 9ಕ್ಕೆ 3, ಅಂದರೆ ಮೂರರಲ್ಲಿ ಒಂದು ಪಾಲು. 900ಕ್ಕೆ 30, ಅಂದರೆ ಮೂವತ್ತರಲ್ಲಿ ಒಂದು ಪಾಲು. ಆ ಟೈಲ್‌ಗಳೇ ಸೆನ್ಸರ್‌ನ ಪಿಕ್ಸೆಲ್‌ಗಳು. ಕಾಳು ಕಡಿಮೆ ಬಿದ್ದ ನೆಲದ ತೇಪೆಯೇ ಗ್ರೇನ್ಸ್. ಐಎಸ್‌ಒ ಮಾಡುವುದಿಷ್ಟೇ: ಎಣಿಕೆಗೆ ಸಿಕ್ಕ ಸಂಖ್ಯೆಯನ್ನು ದೊಡ್ಡದು ಮಾಡಿ ತೋರಿಸುವುದು. ಅಷ್ಟೇ ಶಟರ್, ಅಷ್ಟೇ ಅಪರ್ಚರ್ (ಬೆಳಕು ಒಳಬರುವ ಲೆನ್ಸ್‌ನ ಕಿಂಡಿ) ಇಟ್ಟುಕೊಂಡು ಐಎಸ್‌ಒ 800ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಎತ್ತಿದರೂ ಸಿಗುವುದು ಅದೇ ಗ್ರೇನ್ಸ್. ಹಲವು ಕ್ಯಾಮೆರಾಗಳಲ್ಲಿ ಇನ್ನೂ ಕೆಟ್ಟದ್ದು, ಯಾಕೆಂದರೆ ಒಳಗಿನ ಎಲೆಕ್ಟ್ರಾನಿಕ್ಸ್‌ನ ಗದ್ದಲವೂ ಜೊತೆಗೇ ಮೇಲೆದ್ದು ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಒರೆಸಿಬಿಡುತ್ತೇನೆ ಎನ್ನುವವರು ಮೊಳಕಾಲ್ಮೂರು ಸೀರೆಯ ಅಂಚನ್ನು ದೊಡ್ಡದು ಮಾಡಿ ನೋಡಲಿ. ಗ್ರೇನ್ಸ್ ಜೊತೆ ನೇಯ್ಗೆಯ ಎಳೆಯೂ ಅಳಿಸಿಹೋಗಿರುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ಹೆಚ್ಚು ಬೆಳಕು ಒಳಗೆ ಬಿಡುವ ಲೆನ್ಸ್ ಯಾವುದು?

ಲೆಕ್ಕ ಹಾಕಿಯೇ ನೋಡೋಣ. ಬೆಳಕಿನ ಅಳತೆ ಲಕ್ಸ್. ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಮಂಟಪದ ಊಟದ ಹಾಲ್, ಬಳೆ ಶಾಸ್ತ್ರ ನಡೆಯುವ ಒಳಕೋಣೆ 100 ಲಕ್ಸ್ ಎಂದಿಟ್ಟುಕೊಳ್ಳಿ. ಸಾವಿರದಲ್ಲಿ ಒಂದು ಪಾಲು! ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗೆ ‘ಬೆಳಕು ಚೆನ್ನಾಗೇ ಇದೆಯಲ್ಲ’ ಅನ್ನಿಸುತ್ತದೆ. ಈ 100 ಲಕ್ಸ್‌ನಲ್ಲಿ ಐಎಸ್‌ಒ 3200 ಇಟ್ಟು, ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸನ್ನು 55 ಎಂಎಂಗೆ ಜೂಮ್ ಮಾಡಿದರೆ ಅದರ ಕಿಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಶಟರ್ 1/40 ಸೆಕೆಂಡ್‌ಗೆ ಬಂದು ನಿಲ್ಲುತ್ತದೆ. ಅಕ್ಷತೆ ಹಾಕುವ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿದ್ದರೆ ಅಷ್ಟರಲ್ಲಿ 5 ಸೆಂಟಿಮೀಟರ್ ಸರಿದಿರುತ್ತದೆ, ಬೆರಳುಗಳೇ ಕಾಣುವುದಿಲ್ಲ. ಅದೇ ಜಾಗದಲ್ಲಿ ಎಫ್ 1.8 ಲೆನ್ಸ್ ಹಾಕಿದರೆ ಬೆಳಕು 9.7 ಪಟ್ಟು. ಶಟರ್ 1/400ರ ಹತ್ತಿರಕ್ಕೆ ಏರುತ್ತದೆ, ಕೈ ಸರಿಯುವುದು ಅರ್ಧ ಸೆಂಟಿಮೀಟರ್. 1/200 ಸಾಕು ಎಂದರೆ ಐಎಸ್‌ಒ 1600ಕ್ಕೇ ಇಳಿಸಬಹುದು. ಕಿಟ್ ಲೆನ್ಸ್‌ನಲ್ಲಿ ಅದೇ 1/200 ಬೇಕೆಂದರೆ 16000 ಬೇಕು. ಲೆನ್ಸ್‌ನೊಳಗಿನ ಸ್ಟೆಬಿಲೈಸೇಶನ್ ಇಲ್ಲಿ ಕೆಲಸಕ್ಕೆ ಬಾರದು. ಅದು ನಿಮ್ಮ ಕೈನಡುಕಕ್ಕೆ ಮದ್ದು, ಮಂಟಪದಲ್ಲಿ ಓಡಾಡುವ ಮಕ್ಕಳ ಓಟಕ್ಕಲ್ಲ.

ಕಿಟ್ ಲೆನ್ಸ್ ಎಷ್ಟು ಕಂಜೂಸು ಎಂಬುದಕ್ಕೆ ಇನ್ನೊಂದು ಲೆಕ್ಕ. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಭಾವಚಿತ್ರಕ್ಕೆಂದೇ ಲೆಕ್ಕ ಹಾಕಿ ರೂಪಿಸಿದ ಲೆನ್ಸ್ ಎಫ್ 3.6. ಅಂದರೆ ಲೆಕ್ಕದ ಪ್ರಕಾರ ಅದು ಇಂದಿನ ಕಿಟ್ ಲೆನ್ಸ್‌ನ ಜೂಮ್ ತುದಿಗಿಂತ 2.4 ಪಟ್ಟು ಬೆಳಕು ಬಿಡುತ್ತಿತ್ತು! 1924ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಎರ್ನೆಮಾನ್ ಕಂಪನಿ ಎರ್ಮಾನಾಕ್ಸ್ ಎಂಬ ಪುಟ್ಟ ಕ್ಯಾಮೆರಾ ತಂದಿತು. ಅದಕ್ಕೆ ಇಪ್ಪತ್ತರ ಹರೆಯದ ಲುಡ್ವಿಗ್ ಬೆರ್ಟೆಲೆ ಮಾಡಿಕೊಟ್ಟ ಲೆನ್ಸ್ ಎಫ್ 2, ಮುಂದೆ ಎಫ್ 1.8. ಎರಿಕ್ ಸಾಲೊಮನ್ ಎಂಬ ಜರ್ಮನ್ ಫೋಟೊಗ್ರಾಫರ್ ಅದನ್ನು ಹಿಡಿದು ರಾಜತಾಂತ್ರಿಕರ ಸಭೆ, ಔತಣಗಳಿಗೆ ನುಗ್ಗಿ, ಫ್ಲ್ಯಾಶ್ ಪುಡಿ ಸುಡದೆ, ದೀಪದ ಬೆಳಕಿನಲ್ಲೇ ಮಂತ್ರಿಗಳ ಆಕಳಿಕೆ, ಪಿಸುಮಾತುಗಳನ್ನು ಹಿಡಿದ. ಗಾಜಿನ ಪ್ಲೇಟಿನ ಕಾಲದಲ್ಲಿ ಒಳಾಂಗಣದ ಕ್ಯಾಂಡಿಡ್ ಫೋಟೊ ಸಾಧ್ಯವಾದದ್ದು ಕಿಂಡಿಯ ಬಲದಿಂದ.

ಹಾಗಂತ ‘50 ಎಂಎಂ ಎಫ್ 1.8 ತಗೋ, ಅಗ್ಗ, ಎಲ್ಲಾ ಸರಿಹೋಗುತ್ತೆ’ ಎಂಬ ಮಾತೂ ಅರ್ಧ ಸತ್ಯ. ಉಳಿದರ್ಧದ ಸಮಸ್ಯೆ ಜಾಗದ್ದು: ಎಂಎಂ ಹೆಚ್ಚಿದಷ್ಟೂ ಫ್ರೇಮಿಗೆ ಹಿಡಿಸುವ ದೃಶ್ಯ ಕಿರಿದು, ನೀವು ದೂರ ಸರಿಯಬೇಕು. ಆರಂಭದ ಹಂತದ ಡಿಎಸ್‌ಎಲ್‌ಆರ್‌ಗಳ ಕ್ರಾಪ್ ಸೆನ್ಸರ್‌ನಲ್ಲಿ (ಚಿಕ್ಕ ಅಳತೆಯ ಸೆನ್ಸರ್) 50 ಎಂಎಂ ಹಿಡಿದು, ನಿಂತ ವ್ಯಕ್ತಿಯನ್ನು ತಲೆಯಿಂದ ಕಾಲಿನವರೆಗೆ, ಮೇಲೆ ಕೆಳಗೆ ತುಸು ಜಾಗ ಬಿಟ್ಟು, ಕ್ಯಾಮೆರಾ ಉದ್ದ ತಿರುಗಿಸಿ ತೆಗೆಯಲು ಸುಮಾರು 14 ಅಡಿ ದೂರ ಬೇಕು. ವಿದ್ಯಾನಗರದ ಮನೆಯೊಂದರ 10×12 ಕೋಣೆಯಲ್ಲಿ ನಾಮಕರಣವಿದ್ದರೆ ನೀವು ಗೋಡೆಯಾಚೆ ನಿಲ್ಲಬೇಕು. 35 ಎಂಎಂ ಆದರೆ 10 ಅಡಿ, 24 ಎಂಎಂ ಆದರೆ 7 ಅಡಿ ಸಾಕು. ಆದ್ದರಿಂದ ಕ್ರಾಪ್ ಸೆನ್ಸರ್‌ಗೆ, ಮನೆ ಕಾರ್ಯಕ್ರಮಗಳಿಗೆ, ಮೊದಲ ಲೆನ್ಸ್ 35 ಎಂಎಂ ಎಫ್ 1.8. 50 ಎರಡನೆಯದು, ವೇದಿಕೆಯ ಮೇಲಿನ ಮುಖಗಳಿಗೆ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಇದೇ ಜೋಡಿ 50 ಮತ್ತು 85 ಆಗುತ್ತದೆ. ಅನುಮಾನವಿದ್ದರೆ ಕೊಳ್ಳುವ ಮುಂಚೆ ಕಿಟ್ ಲೆನ್ಸ್‌ನ ಜೂಮ್ ರಿಂಗನ್ನು 35ಕ್ಕೆ ತಿರುಗಿಸಿ ಸೆಲ್ಲೊಟೇಪ್ ಸುತ್ತಿ ಒಂದು ಕಾರ್ಯಕ್ರಮ ಮುಗಿಸಿ. ಇನ್ನೂ ಅಗಲಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ: ಕ್ರಾಪ್‌ನಲ್ಲಿ 18 ಎಂಎಂ ಇಟ್ಟು ಗ್ರೂಪ್ ತೆಗೆದರೆ ಅಂಚಿನಲ್ಲಿ ನಿಂತ ಚಿಕ್ಕಮ್ಮನ ಮುಖ ಅಗಲವಾಗಿ ಬರುತ್ತದೆ, ಅವರು ನಿಮ್ಮನ್ನು ಕ್ಷಮಿಸುವುದಿಲ್ಲ.

ಲೆನ್ಸ್ ಬದಲಿಸಲು ಪುರುಸೊತ್ತೇ ಇಲ್ಲದ ಮದುವೆಗೆ ಎಫ್ 2.8 ಜೂಮ್ ಬೇಕು: ಕ್ರಾಪ್‌ಗೆ 17–50 ಅಥವಾ 17–55, ಫುಲ್ ಫ್ರೇಮ್‌ಗೆ 24–70. ಕಿಟ್ ಲೆನ್ಸ್‌ನ ತುದಿಗಿಂತ ನಾಲ್ಕು ಪಟ್ಟು ಬೆಳಕು, ಜೂಮ್ ಮಾಡಿದರೂ ಕಿಂಡಿ ಕುಗ್ಗುವುದಿಲ್ಲ.

ಕಿಂಡಿ ದೊಡ್ಡದಾದಷ್ಟೂ ಫೋಕಸ್ ಇರುವ ಜಾಗ ತೆಳ್ಳಗಾಗುತ್ತದೆ. ಫುಲ್ ಫ್ರೇಮ್‌ನಲ್ಲಿ 85 ಎಂಎಂ, ಎಫ್ 1.8, 2 ಮೀಟರ್ ದೂರ: ಶಾರ್ಪ್ ಆಗಿರುವುದು 6 ಸೆಂಟಿಮೀಟರ್ ಮಾತ್ರ. ಮದುಮಗಳು ತಲೆ ತಿರುಗಿಸಿದ್ದರೆ ಹತ್ತಿರದ ಕಣ್ಣು ಸಿಗುತ್ತದೆ, ಕಿವಿಯ ಜುಮುಕಿ ಹೋಗುತ್ತದೆ. ಅದೇ ದೂರದಲ್ಲಿ 50ಕ್ಕೆ ಸುಮಾರು 17 ಸೆಂಟಿಮೀಟರ್, 35ಕ್ಕೆ 35 ಸೆಂಟಿಮೀಟರ್. ಒಬ್ಬರಿಗೆ ಎಫ್ 1.8 ಅಥವಾ 2, ಇಬ್ಬರಿಗೆ 2.8, ಎರಡು ಸಾಲು ನಿಂತರೆ 4. ಗ್ರೂಪ್‌ನಲ್ಲಿ ಎಲ್ಲರೂ ಅಲುಗದೆ ನಿಂತಿರುತ್ತಾರಾದ್ದರಿಂದ ಶಟರ್ 1/80ಕ್ಕೆ ಇಳಿಸಿ ಆ ನಷ್ಟ ತುಂಬಿಕೊಳ್ಳಬಹುದು.

ಸೀರಿಯಲ್ ಸೆಟ್ ಲೈಟ್‌ಗಳ ಮುಂದೆ ಯುವಿ ಫಿಲ್ಟರ್ (ಲೆನ್ಸ್ ಮೂತಿಗೆ ತಿರುಗಿಸಿ ಹಾಕುವ ಗಾಜು) ಬಿಚ್ಚಿಡಿ. ಕೋಟಿಂಗ್ ಇಲ್ಲದ ಗಾಜು ಒಂದೊಂದು ಮೈಯಲ್ಲಿ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಸೆನ್ಸರ್ ಮತ್ತು ಲೆನ್ಸಿನ ಗಾಜುಗಳಿಂದ ವಾಪಸಾದ ಬೆಳಕು ಆ ಫಿಲ್ಟರ್‌ಗೆ ಬಡಿದು ಮತ್ತೆ ಒಳಗೆ ಬಂದು, ಪ್ರತಿ ಬಲ್ಬಿಗೂ ಫ್ರೇಮಿನ ಎದುರು ಮೂಲೆಯಲ್ಲಿ ಒಂದು ಭೂತ ಬಲ್ಬು ಹುಟ್ಟಿಸುತ್ತದೆ. ಅಂಗಡಿಯವರು ಲೆನ್ಸ್ ಜೊತೆ ಪುಕ್ಕಟೆ ಕೊಡುವ ಫಿಲ್ಟರ್ ಅಂತೂ ಇದರಲ್ಲಿ ನಿಸ್ಸೀಮ.

ತೊಟ್ಟಿಲ ಶಾಸ್ತ್ರದಲ್ಲಿ ‘ಫ್ಲ್ಯಾಶ್ ಹೊಡೀಬೇಡಪ್ಪಾ, ಕೂಸಿನ ಕಣ್ಣು ಹೋಗುತ್ತೆ’ ಎಂದು ಅಜ್ಜಿಯರು ತಡೆಯುತ್ತಾರೆ. ಸಾಮಾನ್ಯ ದೂರದಿಂದ ಹೊಡೆದ ಕ್ಯಾಮೆರಾ ಫ್ಲ್ಯಾಶ್‌ಗೆ ಕಣ್ಣು ಹೋಗುವುದಿಲ್ಲ. ಆದರೆ ಮಗು ಬೆಚ್ಚಿ ಅಳುತ್ತದೆ, ಫೋಟೊ ಕೆಡುತ್ತದೆ, ಹಾಗಾಗಿ ಅಜ್ಜಿ ಹೇಳಿದಂತೆ ಕೇಳುವುದೇ ಲೇಸು. ಬಿಳಿ ಆರ್‌ಸಿಸಿ ಚಾವಣಿಯ ಮನೆಯಲ್ಲಿ ಫ್ಲ್ಯಾಶ್ ತಲೆಯನ್ನು ಮೇಲಕ್ಕೆ ತಿರುಗಿಸಿ ಬೆಳಕನ್ನು ಚಾವಣಿಗೆ ಹೊಡೆಸಬಹುದು. ಹಸಿರು ಬಣ್ಣದ ಕೋಣೆಯಲ್ಲಿ ಹಾಗೆ ಮಾಡಿದರೆ ಮುಖಗಳೂ ಹಸಿರಾಗುತ್ತವೆ. ಎತ್ತರದ ಮಂಟಪದಲ್ಲಿ ಆ ಬೆಳಕು ವಾಪಸ್ ಬರುವುದೇ ಇಲ್ಲ.

ಒಳ್ಳೆಯ ಲೆನ್ಸ್ ಬಂದ ಮೇಲೆ ಹೊಸದೊಂದು ಪೀಡೆ ಕಾಣಿಸಿಕೊಳ್ಳುತ್ತದೆ: ಫೋಟೊಗೆ ಅಡ್ಡಡ್ಡ ಕಪ್ಪು ಪಟ್ಟೆ. ಲೆನ್ಸ್ ವಾಪಸ್ ಕೊಡಲು ಅಂಗಡಿಗೆ ಓಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ನೇರ ಉರಿಯುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಿಟ್ ಲೆನ್ಸ್‌ನ 1/40ರಲ್ಲಿ ಎರಡು ಮೂರು ಮಿನುಗು ಸೇರಿ ಸಮವಾಗುತ್ತಿದ್ದವು. 1/400ರಲ್ಲಿ ಒಂದು ಮಿನುಗಿನ ಚೂರು ಮಾತ್ರ ಸಿಗುತ್ತದೆ. ಶಟರನ್ನು 1/100ಕ್ಕೆ ತನ್ನಿ, ಕ್ಯಾಮೆರಾದಲ್ಲಿ ಮಿನುಗು ತಪ್ಪಿಸುವ ಆ್ಯಂಟಿ ಫ್ಲಿಕರ್ ಸೆಟ್ಟಿಂಗ್ ಇದ್ದರೆ ಹಾಕಿ, ಸೈಲೆಂಟ್ ಶಟರ್ ತೆಗೆದು ಮೆಕ್ಯಾನಿಕಲ್‌ಗೆ ಬನ್ನಿ. ವೇದಿಕೆ ಹಿಂದಿನ ಎಲ್‌ಇಡಿ ಗೋಡೆಯ ಮಿನುಗು ಇದಕ್ಕಿಂತ ಎಷ್ಟೋ ವೇಗದ್ದು, ಅದರ ಪಟ್ಟೆ 1/100ರಲ್ಲೂ ಹೋಗದೆ ಉಳಿಯಬಹುದು. ಆಗ 1/100ರ ಆಸುಪಾಸಿನಲ್ಲಿ ಶಟರನ್ನು ಒಂದೊಂದೇ ಮೆಟ್ಟಿಲು ಸರಿಸಿ, ಪಟ್ಟೆ ತೀರಾ ಮಸುಕಾಗುವ ಕಡೆ ನಿಲ್ಲಿಸಬೇಕು. ಮದುಮಕ್ಕಳು ವೇದಿಕೆಗೆ ಬರುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ.