ಪುಟಿನ್‌ಗೆ ಸಿಗುವ ಬೆಂಬಲ ಬರೀ ಹೆದರಿಕೆಯದೇ?

ಪ್ರಶ್ನೆ: ರಷ್ಯಾದಲ್ಲಿ ಶೇ 80ರಷ್ಟು ಜನ ಪುಟಿನ್ ಪರ ಎಂದು ಸಮೀಕ್ಷೆಗಳು ಹೇಳುತ್ತವೆ. ಜೈಲಿಗೆ ಹೆದರಿ ಹೇಳುವ ಮಾತಲ್ಲವೇ ಅದು?

ಉತ್ತರ: ಹೆದರಿಕೆಯ ಪಾಲು ಇದೆ, ಆದರೆ ಅದೊಂದೇ ಕಾರಣವಲ್ಲ. 2015ರಲ್ಲಿ ಕೆಲವು ಸಂಶೋಧಕರು ಇದನ್ನು ಉಪಾಯದಿಂದ ಅಳೆದರು. ಒಂದು ಗುಂಪಿಗೆ ಹಿಂದಿನ ನಾಯಕರಾದ ಸ್ಟಾಲಿನ್, ಬ್ರೆಜ್ನೆವ್, ಯೆಲ್ಟ್ಸಿನ್ ಹೆಸರು ಕೊಟ್ಟು ‘ಇವರಲ್ಲಿ ಎಷ್ಟು ಮಂದಿಯನ್ನು ಒಪ್ಪುತ್ತೀರಿ’ ಎಂದಷ್ಟೇ ಕೇಳಿದರು. ಯಾರನ್ನು ಎಂದು ಹೇಳಬೇಕಿರಲಿಲ್ಲ. ಇನ್ನೊಂದು ಗುಂಪಿನ ಪಟ್ಟಿಗೆ ಪುಟಿನ್ ಹೆಸರನ್ನೂ ಸೇರಿಸಿದರು. ಸರಾಸರಿ ಮೊದಲ ಗುಂಪಿನಲ್ಲಿ 1.1, ಎರಡನೆಯದರಲ್ಲಿ 1.9 ಬಂತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.8, ಅಂದರೆ ಶೇ 80 ಬೆಂಬಲ. ನಿಜವಾಗಿ ಬಂದ ಅಂಕಿ ನೇರ ಪ್ರಶ್ನೆಗೆ ಸಿಕ್ಕ ಅಂಕಿಗಿಂತ ಕಡಿಮೆಯೇ ಇತ್ತು, ಆದರೆ ಇಳಿಕೆ ಹತ್ತು ಅಂಶದೊಳಗೆ. ಈ ವಿಧಾನಕ್ಕೂ ಒಂದು ದೋಷವಿದೆ: ಪಟ್ಟಿ ಉದ್ದವಾದರೆ ಭಯವಿಲ್ಲದವರೂ ಎಣಿಕೆ ಕಡಿಮೆ ಹೇಳುತ್ತಾರೆ. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನು 2022ರ ಮಾರ್ಚ್‌ನಲ್ಲಿ ಬಂದ ಮೇಲೆ, 2015ರ ಲೆಕ್ಕವನ್ನು ಹಾಗೇ ನಂಬುವಂತಿಲ್ಲ.

ಉಳಿದ ಬೆಂಬಲದ ಬೇರು 1990ರ ದಶಕದಲ್ಲಿದೆ. 1992ರಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ 20 ಪಟ್ಟಿಗೂ ಹೆಚ್ಚು ಏರಿ, ಜನರ ಉಳಿತಾಯ ಕರಗಿಹೋಯಿತು. 1998ರ ಆಗಸ್ಟ್‌ನಲ್ಲಿ ಸರ್ಕಾರವೇ ಸಾಲ ತೀರಿಸಲಾಗದೆ ಕೈಚೆಲ್ಲಿತು. ಡಾಲರಿಗೆ ಸುಮಾರು 6 ಇದ್ದ ರೂಬಲ್ ವರ್ಷಾಂತ್ಯಕ್ಕೆ 20 ದಾಟಿತು. ಪುಟಿನ್ ಬಂದ ಮೇಲೆ ತೈಲ ಬೆಲೆ ಏರಿತು, ಸಂಬಳ, ಪಿಂಚಣಿ ಹೊತ್ತಿಗೆ ಸರಿಯಾಗಿ ಸಿಗತೊಡಗಿದವು. ತೈಲದ ಪಾಲು ದೊಡ್ಡದಿದ್ದರೂ ಹೆಸರು ಬಂದದ್ದು ಆಳುವವರಿಗೆ. ‘ಇವರಲ್ಲದಿದ್ದರೆ ಮತ್ಯಾರು?’ ಎಂಬುದು ಅಲ್ಲಿ ಪ್ರೀತಿಯ ಮಾತಲ್ಲ, ಬದಲಾವಣೆಯ ಭಯ. ಆ ಪ್ರಶ್ನೆಗೆ ಉತ್ತರ ಸಿಗದಂತೆ ವ್ಯವಸ್ಥೆಯೂ ನೋಡಿಕೊಳ್ಳುತ್ತದೆ: ನಿಜವಾದ ಪ್ರತಿಸ್ಪರ್ಧಿಯ ಹೆಸರು ಮತಪತ್ರದವರೆಗೆ ಬರುವುದೇ ಇಲ್ಲ, ಟಿ.ವಿ. ಸರ್ಕಾರದ ಕೈಯಲ್ಲಿ. ಪಕ್ಕದ ಮನೆಯವರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದವರು ಬಹುಮತದ ಜತೆ ನಿಲ್ಲುವುದೇ ಕ್ಷೇಮ ಅಂದುಕೊಳ್ಳುತ್ತಾರೆ.

‘ಪಶ್ಚಿಮ ನಮ್ಮ ಶತ್ರು’ ಎಂಬ ಸಿದ್ಧಾಂತ ಈ ಅಭದ್ರತೆಗೊಂದು ಅರ್ಥ ಕೊಡುತ್ತದೆ. ಬೆಳವಣಿಗೆ ಕುಂಟುತ್ತಿದ್ದಾಗ, 2014ರಲ್ಲಿ ಉಕ್ರೇನ್‌ನ ಕ್ರಿಮಿಯಾ ರಷ್ಯಾದ ವಶವಾಯಿತು. ರಷ್ಯಾದ ಲೆವಾಡಾ ಸಂಸ್ಥೆಯ ಸಮೀಕ್ಷೆಯಲ್ಲಿ ಪುಟಿನ್‌ಗೆ ಜನವರಿಯಲ್ಲಿದ್ದ ಶೇ 65 ಬೆಂಬಲ ಅಕ್ಟೋಬರ್‌ಗೆ ಶೇ 88 ಆಯಿತು. ಕಷ್ಟಕ್ಕೆ ಪಶ್ಚಿಮದ ಕುತಂತ್ರವೇ ಕಾರಣ ಎಂಬ ಮಾತು ಆಗ ರುಚಿಸಿತು.

ಆದರೆ ಹೊರಗಿನ ಶತ್ರುವನ್ನು ತೋರಿಸಲಾಗದ ಕಡೆ ಇದು ಕೆಲಸ ಮಾಡುವುದಿಲ್ಲ. 2018ರ ಜೂನ್ 14ರಂದು, ವಿಶ್ವಕಪ್ ಫುಟ್‌ಬಾಲ್ ಶುರುವಾದ ದಿನವೇ (ಆಕಸ್ಮಿಕವೆಂದು ನಂಬುವುದು ಕಷ್ಟ), ಪಿಂಚಣಿ ವಯಸ್ಸನ್ನು ಗಂಡಸರಿಗೆ 60ರಿಂದ 65ಕ್ಕೆ, ಹೆಂಗಸರಿಗೆ 55ರಿಂದ 63ಕ್ಕೆ ಏರಿಸುವ ಪ್ರಸ್ತಾವ ಹೊರಬಿತ್ತು. ಬೆಂಬಲ ಕೆಲವೇ ವಾರಗಳಲ್ಲಿ ಶೇ 70ಕ್ಕಿಂತ ಕೆಳಗಿಳಿಯಿತು. ಆಗಸ್ಟ್‌ನಲ್ಲಿ ಪುಟಿನ್ ಟಿ.ವಿ.ಗೆ ಬಂದು ಹೆಂಗಸರ ವಯಸ್ಸನ್ನು 60ಕ್ಕೆ ನಿಲ್ಲಿಸುವುದಾಗಿ ಹೇಳಿದರೂ ಹಳೆಯ ಅಂಕಿ ಬೇಗ ಮರಳಲಿಲ್ಲ.